ಮಸಿಯ ಗೆರೆಯಲ್ಲಿ ಮನೆಯವರ ಮುಖ

ನಮ್ಮ ವಾಚಕ ಬಂಧುಗಳಲ್ಲಿ ಹಾಡು, ನಾಟಕ, ಯಕ್ಷಗಾನಗಳ ಹವ್ಯಾಸವುಳ್ಳವರಿಗೆ ಕೊರತೆಯಿಲ್ಲ. ಚಿತ್ರ ಬರೆಯುವವರು ಮಾತ್ರ ಕಡಿಮೆ. 'ಅದಕ್ಕೆ ಹುಟ್ಟಿನಿಂದಲೇ ಕೈ ಬೇಕು' ಎಂದು ಹೆಚ್ಚಿನವರು ದೂರ ಸರಿಯುತ್ತಾರೆ. ರವಿವಾರ ಮಧ್ಯಾಹ್ನ ಒಬ್ಬರಲ್ಲ ಒಬ್ಬರ ಮನೆಯಲ್ಲಿ ಕೂಡಿ, ಎದುರಿಗೆ ಕುಳಿತವರ ಮುಖವನ್ನು ಪೆನ್ನು, ಜಲವರ್ಣಗಳಲ್ಲಿ ಬರೆಯುವ ನಾವು ನಾಲ್ಕೈದು ಮಂದಿಗೆ ಈ ಮಾತು ಒಪ್ಪಿಗೆಯಿಲ್ಲ. ಇದಕ್ಕೆ ಮುಖ್ಯವಾಗಿ ಬೇಕಾದದ್ದು ಅರ್ಧ ಗಂಟೆಯ ಪುರುಸೊತ್ತು.

ಸಾಮಗ್ರಿ ಬಹಳ ಬೇಡ. ನೀರಿಗೆ ಕರಗದ ಮಸಿಯ ಒಂದು ಪೆನ್ನು, ಐದಾರು ಬಣ್ಣಗಳ ಸಣ್ಣ ಡಬ್ಬಿ, ಒಂದು ದುಂಡು ಕುಂಚ, ದಪ್ಪ ಕಾಗದ ಇಷ್ಟಿದ್ದರೆ ಸಾಕು. ಮಸಿ ಕರಗುವಂಥದಾದರೆ ಬಣ್ಣ ಹಚ್ಚಿದೊಡನೆ ಮೂಗು ಗಲ್ಲದ ಮೇಲೆ ಹರಿದೀತು! ಕಾಗದ ಚದರ ಮೀಟರಿಗೆ 300 ಗ್ರಾಂ ತೂಕದ್ದಾದರೆ ಒದ್ದೆಯಾದರೂ ಹೆಚ್ಚು ಸೊಟ್ಟಗಾಗದು. ಮುಂಬಯಿಯ ಮಳೆಗಾಲದಲ್ಲಿ ಒಂದು ಲೇಪ ಒಣಗುವಷ್ಟರಲ್ಲಿ ಎರಡು ಸಲ ಚಹಾ ಆಗಿಹೋಗುತ್ತದೆ. ದಿಲ್ಲಿಯ ಬೇಸಗೆಯಲ್ಲಾದರೆ ಕುಂಚ ಎತ್ತುವ ಮೊದಲೇ ಒಣಗಿರುತ್ತದೆ.

ಹೊಸಬರು ಕಣ್ಣುಗಳನ್ನು ಹಣೆಯ ಹತ್ತಿರ ಬರೆದುಬಿಡುತ್ತಾರೆ. ನೆತ್ತಿಯಿಂದ ಗದ್ದದವರೆಗೆ ಅಳೆದು ನೋಡಿರಿ: ಕಣ್ಣುಗಳಿರುವುದು ಹೆಚ್ಚುಕಡಿಮೆ ನಟ್ಟನಡುವೆ. ಎರಡು ಕಣ್ಣುಗಳ ನಡುವೆ ಸುಮಾರು ಇನ್ನೊಂದು ಕಣ್ಣಿನಷ್ಟು ಜಾಗವುಂಟು. ಪೆನ್ನಿನ ಗೆರೆಯನ್ನು ಅಳಿಸಲು ಬಾರದು. ಓರೆಯಾದರೆ ಪಕ್ಕದಲ್ಲೇ ಇನ್ನೊಂದನ್ನು ಎಳೆದು ಮುಂದೆ ಹೋಗಬೇಕು. ಬಣ್ಣ ಮೊದಲು ತಿಳಿಯಾಗಿರಲಿ, ಆಮೇಲೆ ಗಾಢ. ಮೂಗಿನ ತುದಿಯ ಹೊಳಪಿಗೆ ಕಾಗದದ ಬಿಳುಪನ್ನೇ ಬಿಡುವುದು ಲೇಸು. ನಮ್ಮ ಜನರ ಮೈಬಣ್ಣಕ್ಕೆ ಬರ್ನ್ಟ್ ಸಿಯೆನ್ನಾ, ಯೆಲ್ಲೊ ಓಕರ್, ನೆರಳಿಗೆ ತುಸು ಅಲ್ಟ್ರಾಮರೀನ್ ನೀಲಿ ಸಾಕಾಗುತ್ತದೆ.

ಗೆರೆಯ ಮಾತು ಬಂದಾಗ ಕೆ. ಕೆ. ಹೆಬ್ಬಾರರನ್ನು ನೆನೆಯದಿರುವುದು ಹೇಗೆ? 1911ರಲ್ಲಿ ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿ, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, 1996ರಲ್ಲಿ ಈ ಊರಿನಲ್ಲೇ ಕಣ್ಮುಚ್ಚಿದವರು ಅವರು. ಲಯದ ಮರ್ಮ ತಿಳಿಯಲೆಂದು ಕಥಕ್ ನೃತ್ಯವನ್ನೂ ಅಭ್ಯಾಸ ಮಾಡಿದರು. ಅವರ ರೇಖಾಚಿತ್ರಗಳ ಪುಸ್ತಕ 'ದಿ ಸಿಂಗಿಂಗ್ ಲೈನ್' ಬಂದದ್ದು 1964ರಲ್ಲಿ. ಮೈಸೂರಿನ ಆರ್. ಕೆ. ಲಕ್ಷ್ಮಣರಿಗಾದರೋ ಅದೇ ಶಾಲೆಯಲ್ಲಿ ಪ್ರವೇಶವೇ ಸಿಗಲಿಲ್ಲ. ಮುಂದೆ ಅವರ ಗೆರೆಯನ್ನು ದೇಶವೆಲ್ಲ ದಿನಬೆಳಗಾದರೆ ನೋಡಿತು.

ಅಭ್ಯಾಸಕ್ಕೆ ಲೋಕಲ್ ಗಾಡಿಯಂಥ ಪಾಠಶಾಲೆ ಬೇರೆ ಇಲ್ಲ. ಎಲ್ಲರೂ ಮೊಬೈಲಿನತ್ತ ಬಗ್ಗಿರುವ ಈ ಕಾಲದಲ್ಲಿ ತಲೆಗಳ ಅಲುಗಾಟವೂ ಕಡಿಮೆ! ಯಾರಾದರೂ ಗಮನಿಸಿದರೆ ಪುಸ್ತಕ ತೋರಿಸಿ ಒಪ್ಪಿಗೆ ಕೇಳುವುದು ಸಭ್ಯತೆ. ಬೇಡವೆಂದರೆ ಹಾಳೆ ಮಗುಚಬೇಕು.

ಆದರೆ ಈ ಹವ್ಯಾಸದ ಸಾರ್ಥಕತೆಯನ್ನು ನಾವು ಕಂಡದ್ದು ಮನೆಗಳಲ್ಲಿ. ಊರು ಬಿಟ್ಟು ಬಂದು ಮಕ್ಕಳ ಫ್ಲ್ಯಾಟಿನ ಮೂಲೆಯಲ್ಲಿ ಕುಳಿತಿರುವ ಹಿರಿಯರ ಫೋಟೋಗಳು ಎಲ್ಲರ ಫೋನಿನಲ್ಲೂ ನೂರಾರು ಇವೆ. ಅರ್ಧ ಗಂಟೆ ಅವರ ಮುಖವನ್ನೇ ನೋಡುತ್ತ ಕುಳಿತವರು ಮನೆಯಲ್ಲಿ ಯಾರಿದ್ದಾರೆ?

ಕಳೆದ ಮಳೆಗಾಲದಲ್ಲಿ ಮುಲುಂದದ ಮನೆಯೊಂದರಲ್ಲಿ ಧಾರವಾಡದ ಕಡೆಯ ಅಜ್ಜಿಯೊಬ್ಬರನ್ನು ಕೂಡ್ರಿಸಿದೆವು. "ಈ ಮಾರಿಯೊಳಗ ಏನದ ಬರೀಲಿಕ್ಕೆ?" ಎಂದು ನಕ್ಕರು. ನಾವು ಕಿವಿಯ ಮೇಲಂಚಿನ ತೂತುಗಳನ್ನು ಬರೆಯುತ್ತಿರುವಾಗ ಪಕ್ಕದಲ್ಲಿದ್ದ ಮೊಮ್ಮಗ, "ಅಜ್ಜೀ, ಇಲ್ಲೇನಿತ್ತು?" ಎಂದ. ಅಲ್ಲಿ ಬುಗುಡಿಗಳಿದ್ದವು. ಮುಂಬಯಿಗೆ ಬಂದ ಹೊಸದರಲ್ಲಿ, ಪರೇಲಿನ ಖೋಲಿಗೆ ಪಗಡಿ ಕೊಡಲು ಅವನ್ನು ಮಾರಿದರಂತೆ. ಆ ಖೋಲಿಯಲ್ಲೇ ಹುಟ್ಟಿದ ಅವರ ಮಗ, ಈಗ ಅರುವತ್ತು ದಾಟಿದವರು, ಬಾಗಿಲಲ್ಲಿ ನಿಂತು ಈ ಸಂಗತಿಯನ್ನು ಮೊದಲ ಸಲ ಕೇಳಿದರು.

"ಯಾಕ ಹೇಳಲಿಲ್ಲವ್ವಾ?"

"ಯಾರು ಕೇಳಿದ್ರು?"

ಆ ಚಿತ್ರದ ಕಿವಿಗೆ ನಾವು ಬಣ್ಣ ಹಚ್ಚಲಿಲ್ಲ, ಗೆರೆಯಲ್ಲೇ ಬಿಟ್ಟೆವು. ಮಗ ಅದಕ್ಕೆ ಕಟ್ಟು ಹಾಕಿಸಿ ಹಜಾರದಲ್ಲಿ ತೂಗಹಾಕಿದ್ದಾರೆ.

ಹಿರಿಯರನ್ನು ಕೂಡ್ರಿಸುವಾಗ ಕಿಟಕಿಯ ಬೆಳಕು ಒಂದೇ ಬದಿಯಿಂದ ಬರಲಿ, ಬೆನ್ನಿಗೆ ದಿಂಬಿರಲಿ, ನಡುನಡುವೆ ಎದ್ದು ಓಡಾಡಲು ಬಿಡಿರಿ. ಮುಗಿದ ಮೇಲೆ ಕೆಳಗೆ ತಾರೀಖು, ಊರು ಬರೆದು, ಅವರ ಕೈಯಿಂದಲೇ ಸಹಿ ಹಾಕಿಸಿಕೊಳ್ಳಿರಿ.