ಮನೆಗೆ ಬರುವ ಸಹಾಯ: ಕೇಳಿ ಪಡೆಯೋಣ

ಕೆಂಟನ್ ರಸ್ತೆಯ ಉತ್ತರದ ಮನೆಗಳು ಹ್ಯಾರೋ ಕೌನ್ಸಿಲ್ಲಿಗೆ ಸೇರಿದವು, ದಕ್ಷಿಣದವು ಬ್ರೆಂಟಿಗೆ. ಎರಡು ಬದಿಯವರಿಗೂ ಅಂಗಡಿ ಬೀದಿ ಒಂದೇ, ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯೂ ಒಂದೇ. ಆದರೆ ಮನೆಯ ಹಿರಿಯರಿಗೆ ಸ್ನಾನ ಮಾಡಿಸಲು, ಊಟ ಕೊಡಲು ಯಾರಾದರೂ ಬೇಕಾದಾಗ ಈ ರಸ್ತೆಯೇ ಗಡಿ. ವಿಳಾಸದಲ್ಲಿ ಹ್ಯಾರೋ ಎಂದಿದ್ದರೂ ಮನೆ ಬ್ರೆಂಟಿನದಿರಬಹುದು. ಕೌನ್ಸಿಲ್ ಟ್ಯಾಕ್ಸ್ ಬಿಲ್ಲು ಯಾರಿಂದ ಬರುತ್ತದೆಯೋ ಅವರನ್ನೇ ಕೇಳಬೇಕು.

ಮನೆಗೆ ಬಂದು ನೆರವಾಗುವ ಈ ಪದ್ಧತಿ ಈ ದೇಶದಲ್ಲಿ ಹಳೆಯದು. 1946ರ ರಾಷ್ಟ್ರೀಯ ಆರೋಗ್ಯ ಸೇವಾ ಕಾಯಿದೆ ಸ್ಥಳೀಯ ಸಂಸ್ಥೆಗಳಿಗೆ ಇದನ್ನು ನಡೆಸುವ ಅಧಿಕಾರ ಕೊಟ್ಟಿತು. 1968ರ ಕಾಯಿದೆ ಅದನ್ನೇ ಕರ್ತವ್ಯವಾಗಿಸಿತು. ಆಗಿನ 'ಹೋಮ್ ಹೆಲ್ಪ್' ಮನೆ ಗುಡಿಸಿ, ಸಾಮಾನು ತಂದುಕೊಡುತ್ತಿದ್ದರು. 1990ರ ಕಾಯಿದೆಯ ನಂತರ ಕೆಲಸ ಬಹುಪಾಲು ಖಾಸಗಿ ಏಜೆನ್ಸಿಗಳ ಕೈಗೆ ಹೋಯಿತು. ಈಗ ಮುಖ್ಯವಾಗಿ ಎಬ್ಬಿಸುವುದು, ತೊಳೆಸುವುದು, ಉಡಿಸುವುದು, ಔಷಧಿ ನೆನಪಿಸುವುದು ಇವೇ ಕೆಲಸಗಳು.

2014ರ ಕೇರ್ ಆಕ್ಟ್ ಪ್ರಕಾರ, ನೆರವು ಬೇಕೆಂದು ತೋರುವ ಯಾವ ವಯಸ್ಕರ ಅಗತ್ಯವನ್ನೂ ಕೌನ್ಸಿಲ್ ಪರಿಶೀಲಿಸಲೇಬೇಕು. ಹಣವೆಷ್ಟಿದೆ ಎಂಬ ಪ್ರಶ್ನೆ ಬರುವುದು ಆಮೇಲೆ. ಪರಿಶೀಲನೆಗೆ ಶುಲ್ಕವಿಲ್ಲ. ನೋಡಿಕೊಳ್ಳುವ ಹೆಂಡತಿಗೋ ಮಗನಿಗೋ ಸೊಸೆಗೋ ಬೇರೆಯಾಗಿಯೇ ಪರಿಶೀಲನೆ ಕೇಳುವ ಹಕ್ಕಿದೆ. ಹಿರಿಯರು ತಮಗೆ ಬೇಡವೆಂದರೂ ಈ ಹಕ್ಕು ಹೋಗುವುದಿಲ್ಲ.

ಇಷ್ಟಿದ್ದರೂ ನಮ್ಮವರು ಹಿಂದೆ ಉಳಿಯುವುದೇಕೆ? 'ಮಕ್ಕಳಿರುವಾಗ ಹೊರಗಿನವರೇಕೆ' ಎಂಬ ಸಂಕೋಚ ಒಂದು. ಅದಕ್ಕಿಂತ ಹೆಚ್ಚು ಕೆಡಿಸುವುದು ನಮ್ಮ ಅತಿಥಿಸತ್ಕಾರ! ಪರಿಶೀಲಿಸುವವರು ಬರುವ ದಿನ ಅಜ್ಜಿ ಒಳ್ಳೆಯ ಸೀರೆ ಉಟ್ಟು ಕೂತು, 'ಕಾಫಿ ತಗೊಳ್ಳಿ, ನನಗೇನೂ ತೊಂದರೆ ಇಲ್ಲ' ಎನ್ನುತ್ತಾರೆ. ಬಂದವರು ಹಾಗೆಯೇ ಬರೆದುಕೊಂಡು ಹೋಗುತ್ತಾರೆ. ರಾತ್ರಿ ನಾಲ್ಕು ಬಾರಿ ಎದ್ದು ಅವರನ್ನು ಹಿಡಿದು ನಡೆಸಿದ ಸೊಸೆಯ ದಣಿವು ಆ ಕಾಗದದಲ್ಲಿ ಇರುವುದಿಲ್ಲ.

ಆದ್ದರಿಂದ ಒಂದು ವಾರ ಮೊದಲೇ ನೋಟ್‌ಬುಕ್ ಇಡೋಣ. ರಾತ್ರಿ ಎಷ್ಟು ಸಲ ಎದ್ದರು, ಮೆಟ್ಟಿಲ ಮೇಲೆ ಎಷ್ಟು ಸಲ ತಡವರಿಸಿದರು, ಇನ್ಸುಲಿನ್ ಯಾರು ಕೊಟ್ಟರು, ದಿನಾಂಕ ಹಾಕಿ ಬರೆಯೋಣ. ಒಳ್ಳೆಯ ದಿನದ್ದಲ್ಲ, ಕೆಟ್ಟ ದಿನದ ಸ್ಥಿತಿಯನ್ನು ಹೇಳೋಣ. ನಮ್ಮ ಅಭ್ಯಾಸಗಳನ್ನೂ ಯೋಜನೆಯಲ್ಲಿ ಬರೆಸಬೇಕು: ಸಸ್ಯಾಹಾರ, ಬಕೆಟ್ಟು ಚೊಂಬಿನ ಸ್ನಾನ, ಅಡುಗೆಮನೆಗೆ ಚಪ್ಪಲಿ ಬೇಡ, ತಾಯಿಯವರಿಗೆ ಹೆಂಗಸರೇ ಬೇಕು. ಮರೆವಿನ ಕಾಯಿಲೆ ಬಂದವರಿಗೆ ಅನೇಕ ವೇಳೆ ತಡವಾಗಿ ಕಲಿತ ಇಂಗ್ಲಿಷ್ ಮೊದಲು ಜಾರಿ, ಕನ್ನಡ ಉಳಿಯುತ್ತದೆ. 'ನೀರು', 'ನೋವು', 'ಸಾಕು' ಎಂಬಂಥ ಹತ್ತು ಮಾತುಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದು ಹಾಸಿಗೆಯ ಬಳಿ ಅಂಟಿಸಿದರೆ ಕೆಲಸದವರಿಗೂ ಉಪಕಾರ.

ಇನ್ನು ಹಣದ ಮಾತು. ಇಂಗ್ಲೆಂಡಿನಲ್ಲಿ 23,250 ಪೌಂಡಿಗಿಂತ ಹೆಚ್ಚು ಉಳಿತಾಯವಿದ್ದವರು ಸಾಮಾನ್ಯವಾಗಿ ಪೂರ್ತಿ ಖರ್ಚು ತಾವೇ ಕೊಡಬೇಕು. 2010ರಲ್ಲಿ ನಿಂತ ಈ ಮೊತ್ತ 2025ರಲ್ಲೂ ಏರಿರಲಿಲ್ಲ. ಮನೆಯಲ್ಲೇ ಇದ್ದು ನೆರವು ಪಡೆಯುವವರ ಸ್ವಂತ ಮನೆಯ ಬೆಲೆ ಈ ಲೆಕ್ಕಕ್ಕೆ ಬರುವುದಿಲ್ಲ. ಪಿಂಚಣಿ ವಯಸ್ಸು ದಾಟಿದವರ 'ಅಟೆಂಡೆನ್ಸ್ ಅಲೋಯನ್ಸ್' ಭತ್ಯೆಗೆ ಆದಾಯವನ್ನೂ ಉಳಿತಾಯವನ್ನೂ ಕೇಳುವುದಿಲ್ಲ. ಕೌನ್ಸಿಲ್ ಕೊಡುವ ನೆರವನ್ನು 'ಡೈರೆಕ್ಟ್ ಪೇಮೆಂಟ್' ಆಗಿ ಪಡೆದರೆ, ಕನ್ನಡ ಬಲ್ಲವರನ್ನು ನಾವೇ ಕೆಲಸಕ್ಕೆ ಇಟ್ಟುಕೊಳ್ಳಬಹುದು. ಒಂದೇ ಮನೆಯಲ್ಲಿರುವ ಹತ್ತಿರದ ಸಂಬಂಧಿಗೆ ಮಾತ್ರ ಸಾಮಾನ್ಯವಾಗಿ ಅದರಿಂದ ಸಂಬಳ ಕೊಡುವಂತಿಲ್ಲ. ಆಸ್ಪತ್ರೆಯಿಂದ ಮನೆಗೆ ಬರುವವರಿಗೆ ಮತ್ತೆ ಚೇತರಿಸಿಕೊಳ್ಳಲು ಆರು ವಾರದವರೆಗೆ ಉಚಿತ ನೆರವು ಸಿಗಬಹುದು. ಡಿಸ್ಚಾರ್ಜಿಗೆ ಮುಂಚೆಯೇ ವಾರ್ಡಿನಲ್ಲಿ ವಿಚಾರಿಸಬೇಕು.

ಊರಿನಿಂದ ವೀಸಾದ ಮೇಲೆ ಬಂದ ತಂದೆತಾಯಿಯರ ವಿಷಯದಲ್ಲಿ ಎಚ್ಚರ ಬೇಕು. ಸರ್ಕಾರಿ ಭತ್ಯೆ ಪಡೆಯಕೂಡದೆಂಬ ಷರತ್ತಿದ್ದರೆ, ಅರ್ಜಿ ಹಾಕುವ ಮೊದಲು ಸಿಟಿಜನ್ಸ್ ಅಡ್ವೈಸ್‌ನಂಥ ಕಡೆ ಕೇಳಿ ತಿಳಿಯಬೇಕು. ಏಜೆನ್ಸಿ ಗೊತ್ತುಮಾಡುವಾಗ ಕೇರ್ ಕ್ವಾಲಿಟಿ ಕಮಿಷನ್ನಿನ ವರದಿಯನ್ನು ಓದದೆ ಒಪ್ಪಿಕೊಳ್ಳುವುದು ಬೇಡ.

ದಿನಕ್ಕೆ ಅರ್ಧ ಗಂಟೆ ಹೊರಗಿನವರು ಬಂದು ಹೋದರೆ ಮಕ್ಕಳ ಋಣವೇನೂ ಕಡಿಮೆಯಾಗದು. ಆ ಅರ್ಧ ಗಂಟೆಯಲ್ಲಿ ಸೊಸೆ ಬೆನ್ನು ಚಾಚಿ ಮಲಗಿಯಾಳು, ಮಗ ಅಪ್ಪನ ಪಕ್ಕ ಕೂತು ಮಾತಾಡಿಯಾನು. ಬಳಗದಲ್ಲಿ ಈ ದಾರಿ ಈಗಾಗಲೇ ನಡೆದವರು, ಹೊಸದಾಗಿ ಅರ್ಜಿ ಹಾಕುವ ಮನೆಯವರ ಜೊತೆ ಪರಿಶೀಲನೆಯ ದಿನ ಒಬ್ಬರಾದರೂ ಹೋಗಿ ಕೂರುವಂತಾಗಲಿ ಎಂದು ನಮ್ಮ ಕೋರಿಕೆ.