ಹೊಣೆ ಹೊರುವ ಮುಂದಾಳು

ಯಾವುದೇ ಸಂಸ್ಥೆಯು ಬಾಳಿ ಬೆಳೆಯಬೇಕಾದರೆ ಹಣ, ಕಟ್ಟಡ, ಉಪಕರಣಗಳಷ್ಟೇ ಸಾಲವು. ಅವುಗಳನ್ನು ಬಳಸಿ ದುಡಿಯುವ ಜನರೂ, ಆ ಜನರನ್ನು ಒಗ್ಗೂಡಿಸಿ ನಡೆಸುವ ಮುಂದಾಳುವೂ ಬೇಕು. ಮುಂದಾಳುವಿನಲ್ಲಿರಬೇಕಾದ ಗುಣಗಳನ್ನು ಎಣಿಸಹೊರಟರೆ ಜ್ಞಾನ, ದಕ್ಷತೆ, ದೂರದೃಷ್ಟಿ, ಮಾತಿನ ಚಾತುರ್ಯ ಮೊದಲಾದವು ಒಡನೆಯೇ ನೆನಪಿಗೆ ಬರುತ್ತವೆ. ಆದರೆ ಇವೆಲ್ಲವೂ ಇದ್ದು ಹೊಣೆಗಾರಿಕೆಯೊಂದು ಇಲ್ಲವಾದರೆ ಉಳಿದ ಗುಣಗಳೆಲ್ಲ ನಿಷ್ಫಲವಾಗುತ್ತವೆ. ತನ್ನ ಕೈಕೆಳಗೆ ನಡೆದ ಕಾರ್ಯದ ಫಲಾಫಲಗಳಿಗೆ ‘ಇದು ನನ್ನದು’ ಎಂದು ಹೆಗಲು ಕೊಡುವ ಮನೋಧರ್ಮವನ್ನೇ ನಾವು ಇಲ್ಲಿ ಹೊಣೆಗಾರಿಕೆ ಎಂದು ಕರೆಯುತ್ತಿದ್ದೇವೆ.

ಅಧಿಕಾರವನ್ನು ಹಂಚಿಕೊಡಬಹುದು, ಹೊಣೆಯನ್ನು ಹಂಚಿಕೊಟ್ಟು ಕೈ ತೊಳೆದುಕೊಳ್ಳಲು ಬರುವುದಿಲ್ಲ. ಗುಮಾಸ್ತರು ಬರೆದ ಪತ್ರಕ್ಕೆ ಮುಖ್ಯೋಪಾಧ್ಯಾಯರು ಸಹಿ ಹಾಕಿದೊಡನೆ ಅದು ಅವರ ಪತ್ರವಾಗುತ್ತದೆ. ಅದರಲ್ಲಿ ತಪ್ಪಿದ್ದರೆ ‘ಬರೆದವನು ಬೇರೆ’ ಎಂಬ ಸಮಾಧಾನವು ಹೊರಗಿನವರ ಎದುರಿಗೆ ನಡೆಯದು. ಈ ತತ್ತ್ವವನ್ನು ಒಪ್ಪದವರಿಲ್ಲ. ಆದರೆ ಸೋಲು ಎದುರಾದಾಗ ಅದನ್ನು ನಡೆಸಿ ತೋರಿದವರು ವಿರಳ. ಅಂಥ ವಿರಳರಲ್ಲಿ ಪ್ರೊಫೆಸರ್ ಸತೀಶ್ ಧವನ್ ಅವರು ಒಬ್ಬರು.

1920ರಲ್ಲಿ ಶ್ರೀನಗರದಲ್ಲಿ ಜನಿಸಿದ ಧವನ್ ಅವರು 1962ರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಅಧ್ಯಕ್ಷತೆಯನ್ನು 1972ರಲ್ಲಿ ಅವರಿಗೆ ವಹಿಸಿದಾಗ, ಅದರ ಕೇಂದ್ರ ಕಚೇರಿಯು ಬೆಂಗಳೂರಿನಲ್ಲಿರಬೇಕು ಮತ್ತು ತಮ್ಮ ವಿದ್ಯಾಸಂಸ್ಥೆಯ ಕೆಲಸವನ್ನು ತಾವು ಬಿಡುವುದಿಲ್ಲ ಎಂಬ ನಿಬಂಧನೆಗಳ ಮೇಲೆ ಅದನ್ನು ಒಪ್ಪಿಕೊಂಡರು. ಇಂದಿಗೂ ಆ ಸಂಸ್ಥೆಯ ಕೇಂದ್ರ ಕಚೇರಿಯು ನಮ್ಮ ರಾಜಧಾನಿಯಲ್ಲಿಯೇ ಇದೆ.

ನಮ್ಮ ದೇಶದ್ದೇ ಆದ ವಾಹನದಿಂದ ನಮ್ಮ ದೇಶದ ಉಪಗ್ರಹವನ್ನು ಕಕ್ಷೆಗೆ ಸೇರಿಸಬೇಕೆಂಬ ಮಹತ್ಕಾರ್ಯವು ಅವರ ಕಾಲದಲ್ಲಿ ಕೈಗೂಡಬೇಕಾಗಿತ್ತು. ನಾಲ್ಕು ಹಂತಗಳುಳ್ಳ, ಸುಮಾರು 22 ಮೀಟರು ಎತ್ತರದ, 17 ಟನ್ನು ತೂಕದ ಆ ವಾಹನಕ್ಕೆ ಎಸ್‌ಎಲ್‌ವಿ-3 ಎಂದು ಹೆಸರು. ಯೋಜನೆಯ ನಿರ್ದೇಶಕರು ಡಾ॥ ಎ. ಪಿ. ಜೆ. ಅಬ್ದುಲ್ ಕಲಾಂ. ವರ್ಷಗಟ್ಟಲೆ ದುಡಿದ ಬಳಿಕ 1979ನೆಯ ಆಗಸ್ಟ್ 10ರಂದು ಶ್ರೀಹರಿಕೋಟೆಯಿಂದ ಅದನ್ನು ಹಾರಿಸಲಾಯಿತು. ಮೊದಲನೆಯ ಹಂತವು ಸರಿಯಾಗಿ ಕೆಲಸ ಮಾಡಿತು. ಎರಡನೆಯ ಹಂತದಲ್ಲಿ ವಾಹನವನ್ನು ನಿಯಂತ್ರಿಸುವ ವ್ಯವಸ್ಥೆಯ ಒಂದು ಕವಾಟವು ಸಿಕ್ಕಿಕೊಂಡು ನೈಟ್ರಿಕ್ ಆಮ್ಲವು ಸೋರಿಹೋಗಿದ್ದುದರಿಂದ ವಾಹನವು ಹತೋಟಿ ತಪ್ಪಿ ಬಂಗಾಳ ಕೊಲ್ಲಿಗೆ ಬಿದ್ದಿತು.

ಅಂದಿನ ಪತ್ರಿಕಾಗೋಷ್ಠಿಯನ್ನು ಎದುರಿಸಿದವರು ಧವನ್. ಯೋಜನೆಯ ನಿರ್ದೇಶಕರನ್ನು ಮುಂದೆ ನಿಲ್ಲಿಸಿ ತಾವು ಹಿಂದೆ ಸರಿಯಲಿಲ್ಲ. ಸೋಲು ಸಂಸ್ಥೆಯದೆಂದು ತಾವೇ ಒಪ್ಪಿಕೊಂಡು, ತಮ್ಮ ತಂತ್ರಜ್ಞರಲ್ಲಿ ತಮಗೆ ಪೂರ್ಣ ವಿಶ್ವಾಸವಿದೆಯೆಂದೂ, ಅವರಿಗೆ ಇನ್ನಷ್ಟು ನೆರವು ನೀಡಿ ಒಂದು ವರ್ಷದೊಳಗೆ ಯಶಸ್ಸು ಪಡೆಯುವೆವೆಂದೂ ಹೇಳಿದರು. ವರ್ಷ ತುಂಬುವ ಮೊದಲೇ, 1980ನೆಯ ಜುಲೈ 18ರಂದು, ಅದೇ ಬಗೆಯ ವಾಹನವು 35 ಕಿಲೋಗ್ರಾಂ ತೂಕದ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆ ದಿನ ಪತ್ರಕರ್ತರೊಡನೆ ಮಾತನಾಡಲು ಧವನ್ ಅವರು ಕಲಾಂ ಅವರನ್ನೇ ಕಳುಹಿಸಿದರು. ಸೋಲನ್ನು ನಾಯಕನು ತಾನು ಹೊತ್ತು, ಗೆಲುವನ್ನು ತನ್ನವರಿಗೆ ಕೊಟ್ಟ ಈ ಪ್ರಸಂಗವನ್ನು ಕಲಾಂ ಅವರು ಮುಂದೆ ಅನೇಕ ಸಭೆಗಳಲ್ಲಿ ಕೃತಜ್ಞತೆಯಿಂದ ಸ್ಮರಿಸಿಕೊಂಡಿದ್ದಾರೆ.

ಈ ಪ್ರಸಂಗವು ಇಂದು ಸುಪ್ರಸಿದ್ಧವಾಗಿದೆ. ಆದರೆ ಇದಕ್ಕೆ ಹೊಂದಿಕೊಂಡಿರುವ, ಅಷ್ಟಾಗಿ ಪ್ರಚಾರಕ್ಕೆ ಬಾರದ ಇನ್ನೊಂದು ಸಂಗತಿಯಿದೆ. ಸೋಲಿನ ಕಾರಣಗಳನ್ನು ವಿಮರ್ಶಿಸಲು ಸೇರಿದ ಒಳಗಿನ ಸಭೆಯಲ್ಲಿ ಕಲಾಂ ಅವರು ಎದ್ದು ನಿಂತು, ಉಡಾವಣೆಯ ಎಣಿಕೆಯ ಕೊನೆಯ ಘಟ್ಟದಲ್ಲಿ ಆಮ್ಲದ ಸೋರಿಕೆಯು ತಿಳಿದುಬಂದಿತ್ತೆಂದೂ, ಅದನ್ನು ಅಲ್ಪವೆಂದು ಎಣಿಸಿ ಮುಂದುವರಿದುದರ ಹೊಣೆ ತಮ್ಮದೆಂದೂ ಹೇಳಿದರು. 1999ರಲ್ಲಿ ಪ್ರಕಟವಾದ ‘ವಿಂಗ್ಸ್ ಆಫ್ ಫೈರ್’ ಎಂಬ ಆತ್ಮಕಥೆಯಲ್ಲಿ ಇದನ್ನು ಅವರೇ ದಾಖಲಿಸಿದ್ದಾರೆ.

ಈ ಎರಡು ಸಂಗತಿಗಳನ್ನು ಕೂಡಿಸಿ ನೋಡಿದಾಗ ಹೊಣೆಗಾರಿಕೆಯ ಮರ್ಮವು ತಿಳಿಯುತ್ತದೆ. ಮೇಲಿನವರು ಹೊರಗಿನ ನಿಂದೆಗೆ ತಾವು ಎದೆಯೊಡ್ಡಿದುದರಿಂದ ಕೆಳಗಿನವರಿಗೆ ಒಳಗೆ ಸತ್ಯವನ್ನು ನುಡಿಯುವ ಧೈರ್ಯ ಬಂದಿತು. ಸತ್ಯ ಹೊರಬಿದ್ದುದರಿಂದ ದೋಷವು ಎಲ್ಲಿದೆಯೆಂಬುದು ತಿಳಿಯಿತು. ದೋಷ ತಿಳಿದುದರಿಂದ ಅದನ್ನು ತಿದ್ದಲು ಸಾಧ್ಯವಾಯಿತು. ಇದಕ್ಕೆ ಬದಲಾಗಿ ಮೇಲಿನಿಂದ ನಿಂದೆಯು ಕೆಳಕ್ಕೆ ಹರಿದಿದ್ದರೆ ಪ್ರತಿಯೊಬ್ಬನೂ ತನ್ನ ಕಾಗದಪತ್ರಗಳನ್ನು ಭದ್ರಪಡಿಸಿಕೊಂಡು ಮೌನ ತಾಳುತ್ತಿದ್ದನು. ನಿಂದೆಯು ಕೆಳಗಿಳಿಯುವ ಕಚೇರಿಯಲ್ಲಿ ಸುದ್ದಿಯು ಮೇಲೇರುವುದಿಲ್ಲ. ಆದುದರಿಂದ ನಾಯಕನ ಹೊಣೆಗಾರಿಕೆಯು ಅವನ ಸ್ವಂತ ಸದ್ಗುಣ ಮಾತ್ರವಲ್ಲದೆ, ಸಂಸ್ಥೆಯು ತನ್ನ ತಪ್ಪುಗಳನ್ನು ಕಾಣುವ ಕಣ್ಣೂ ಆಗಿದೆ. ಮುಂದೆ ಉಡುಪಿಯ ಕಡೆಯವರಾದ ಪ್ರೊಫೆಸರ್ ಯು. ಆರ್. ರಾವ್ ಅವರು ಅಧ್ಯಕ್ಷರಾಗಿದ್ದಾಗ 1987 ಮತ್ತು 1988ರಲ್ಲಿ ಎಎಸ್‌ಎಲ್‌ವಿ ವಾಹನವು ಎರಡು ಬಾರಿ ವಿಫಲವಾದರೂ ಕಾರ್ಯವು ನಿಲ್ಲಲಿಲ್ಲ. 1992ರಲ್ಲಿ ಅದು ಸಫಲವಾಯಿತು.

ಹೊಣೆ ಹೊರುವುದೆಂದರೆ ಪದವಿಯನ್ನು ತ್ಯಜಿಸುವುದೇ ಎಂಬ ಪ್ರಶ್ನೆ ಏಳಬಹುದು. 1956ನೆಯ ನವೆಂಬರಿನಲ್ಲಿ ತಮಿಳುನಾಡಿನ ಅರಿಯಲೂರಿನ ಬಳಿ ಭೀಕರ ರೈಲು ದುರಂತವು ಸಂಭವಿಸಿದಾಗ ರೈಲ್ವೆ ಸಚಿವರಾಗಿದ್ದ ಲಾಲ್ ಬಹಾದುರ್ ಶಾಸ್ತ್ರಿಯವರು ರಾಜೀನಾಮೆ ನೀಡಿದರು. ದುರಂತಕ್ಕೆ ಶಾಸ್ತ್ರಿಯವರು ಕಾರಣರಲ್ಲವಾದರೂ ಸಾರ್ವಜನಿಕ ಜೀವನಕ್ಕೆ ಒಂದು ಮೇಲ್ಪಂಕ್ತಿಯಾಗಲೆಂದು ಪ್ರಧಾನಿ ನೆಹರೂ ಅವರು ಅದನ್ನು ಅಂಗೀಕರಿಸಿದರು. ಒಬ್ಬರು ಹೊರನಡೆದು ಹೊಣೆ ಹೊತ್ತರು; ಮತ್ತೊಬ್ಬರು ಒಳಗುಳಿದು ಹೊತ್ತರು. ಜನರ ವಿಶ್ವಾಸವನ್ನು ಉಳಿಸಬೇಕಾದಲ್ಲಿ ಮೊದಲನೆಯದು ಯುಕ್ತ. ಕೆಟ್ಟುದನ್ನು ಸರಿಪಡಿಸುವ ಕೆಲಸವು ಬಾಕಿಯಿರುವಲ್ಲಿ ಎರಡನೆಯದು ಯುಕ್ತ. ಎರಡರಲ್ಲಿಯೂ ನೆಪ ಹೇಳುವಿಕೆಗೆ ಎಡೆಯಿಲ್ಲ.

ಹಾಗೆಂದು ಕೈಕೆಳಗಿನವರ ದೋಷಗಳನ್ನು ಮುಚ್ಚಿಡುವುದು ಹೊಣೆಗಾರಿಕೆಯಾಗದು. ಹೊರಗೆ ರಕ್ಷಣೆ, ಒಳಗೆ ನಿಷ್ಠುರ ವಿಮರ್ಶೆ ಎಂಬ ಕ್ರಮವೇ ಸರಿಯಾದುದು. ಅಂತೆಯೇ ಎಲ್ಲರ ಕೆಲಸವನ್ನೂ ತಾನೇ ಮಾಡಹೊರಡುವುದೂ ಹೊಣೆಗಾರಿಕೆಯಲ್ಲ. ಕಲಾಂ ಅವರ ಕೆಲಸವನ್ನು ಧವನ್ ಅವರು ಕಸಿದುಕೊಳ್ಳಲಿಲ್ಲವೆಂಬುದನ್ನು ನಾವು ಮರೆಯಲಾಗದು.

ಈ ಮಾತು ರಾಕೆಟ್ಟುಗಳಿಗೆ ಮಾತ್ರ ಸಲ್ಲುವುದಲ್ಲ. ಎಸ್.ಎಸ್.ಎಲ್.ಸಿ. ಫಲಿತಾಂಶವು ಕುಸಿದ ವರ್ಷ ಶಾಲೆಯಲ್ಲಿ ಏನು ನಡೆಯುತ್ತದೆ? ಆಡಳಿತ ಮಂಡಳಿಯವರು ಮುಖ್ಯೋಪಾಧ್ಯಾಯರನ್ನೂ, ಅವರು ವಿಷಯ ಶಿಕ್ಷಕರನ್ನೂ, ಶಿಕ್ಷಕರು ಕೆಳಗಿನ ತರಗತಿಗಳ ಪಾಠವನ್ನೂ, ಕಡೆಗೆ ಎಲ್ಲರೂ ಮಕ್ಕಳ ದಡ್ಡತನವನ್ನೂ ದೂರುವುದುಂಟು. ಹೀಗೆ ದೂರು ಇಳಿಯುತ್ತ ಹೋಗಿ, ಮಾತನಾಡಲಾರದ ಮಗುವಿನ ತಲೆಯ ಮೇಲೆ ನಿಲ್ಲುತ್ತದೆ. ಮುಖ್ಯೋಪಾಧ್ಯಾಯರು ಪಾಲಕರ ಸಭೆಯಲ್ಲಿ ‘ಇದು ಶಾಲೆಯ ಸೋಲು, ಇದರ ಹೊಣೆ ನನ್ನದು’ ಎಂದು ನುಡಿದು, ಮರುದಿನ ಶಿಕ್ಷಕರೊಡನೆ ಕುಳಿತು ಉತ್ತರಪತ್ರಿಕೆಗಳನ್ನು ಒಂದೊಂದಾಗಿ ಪರಿಶೀಲಿಸಿದರೆ, ಗಣಿತದ ಯಾವ ಪಾಠದಲ್ಲಿ ಮಕ್ಕಳು ಎಡವಿದರು, ಯಾವ ತಿಂಗಳು ಶಿಕ್ಷಕರ ಸ್ಥಾನವು ಖಾಲಿಯಿತ್ತು, ಯಾವ ಮಗು ಸುಗ್ಗಿಯ ಕಾಲದಲ್ಲಿ ಶಾಲೆ ತಪ್ಪಿಸಿತು ಎಂಬುದೆಲ್ಲ ಬೆಳಕಿಗೆ ಬರುತ್ತದೆ. ಮುಂದಿನ ವರ್ಷದ ದಾರಿಯು ಅಲ್ಲಿಯೇ ತೆರೆದುಕೊಳ್ಳುತ್ತದೆ.

ದಾನಿಗಳೂ ಹಿರಿಯ ವಿದ್ಯಾರ್ಥಿಗಳೂ ಇದರಲ್ಲಿ ಪಾಲುದಾರರೇ. ಒಳ್ಳೆಯ ವರದಿಯನ್ನು ಮಾತ್ರ ಕೇಳಬಯಸುವ ಪೋಷಕರಿಗೆ ಒಳ್ಳೆಯ ವರದಿಯೇ ಸಿಗುತ್ತದೆ. ನಿಜವಾದ ವರದಿ ಸಿಗುವುದಿಲ್ಲ. ಸೋಲನ್ನು ಒಪ್ಪಿಕೊಂಡು ಬಂದ ಮುಖ್ಯಸ್ಥರಿಗೆ ‘ನಿಮಗೆ ಇನ್ನೇನು ನೆರವು ಬೇಕು?’ ಎಂದು ಕೇಳುವ ಹಿರಿಯರಿದ್ದಲ್ಲಿ ಹೊಣೆಗಾರಿಕೆಯು ಬೇರೂರುತ್ತದೆ. ಇಲ್ಲಿ ಕಲಿತು ಹೊರಹೋದವರು ಇಂದು ಕಚೇರಿ, ಕಾರ್ಖಾನೆ, ಸಹಕಾರ ಸಂಘಗಳಲ್ಲಿ ಹತ್ತು ಜನರನ್ನಾದರೂ ನಡೆಸುವ ಸ್ಥಾನದಲ್ಲಿದ್ದಾರೆ. ಕಾರ್ಯವು ಕೆಟ್ಟ ದಿನ ಮೊದಲನೆಯ ಸಾಲಿನಲ್ಲಿಯೂ, ಕೈಗೂಡಿದ ದಿನ ಕೊನೆಯ ಸಾಲಿನಲ್ಲಿಯೂ ನಿಲ್ಲುವ ಅಭ್ಯಾಸವನ್ನು ಅವರು ಮಾಡಿಕೊಂಡರೆ, ಅವರಿಗೆ ಪಾಠ ಹೇಳಿದ ಗುರುಗಳ ಶ್ರಮವು ಸಾರ್ಥಕವಾಗುವುದು.