ದ್ವಿಮುಖ ರೇಡಿಯೋವಿನ ಸ್ಮೃತಿಕೋಶ

ಆಡುವುದಕ್ಕೂ ಆಲಿಸುವುದಕ್ಕೂ ಒಂದೇ ಉಪಕರಣವಾಗಿರುವ ರೇಡಿಯೋವನ್ನು ದ್ವಿಮುಖ ರೇಡಿಯೋ ಎನ್ನುತ್ತೇವೆ. ಪೋಲೀಸರ ಕೈಯಲ್ಲಿ ಅದನ್ನು ಕಾಣದವರಿಲ್ಲ. ಆದರೆ ಅದರೊಳಗಿನ ಸ್ಮೃತಿಕೋಶದ ವಿಚಾರ ಅನೇಕರಿಗೆ ತಿಳಿಯದು. ಆಪತ್ತಿನ ವೇಳೆಯಲ್ಲಿ ಮಾತು ಮುಟ್ಟುವುದೂ ಮುಟ್ಟದಿರುವುದೂ ಬಹುಮಟ್ಟಿಗೆ ಅದನ್ನು ಅವಲಂಬಿಸಿರುವುದರಿಂದ ಆ ವಿಷಯವನ್ನು ಇಲ್ಲಿ ಸ್ವಲ್ಪ ವಿವೇಚಿಸಬಹುದು.

ಇಬ್ಬರು ಸಂಭಾಷಿಸಬೇಕಾದರೆ ಅವರ ಉಪಕರಣಗಳಲ್ಲಿ ಹಲವು ಅಂಶಗಳು ಹೊಂದಿಕೊಳ್ಳಬೇಕು. ಹವ್ಯಾಸಿಗಳು ಬಳಸುವ 144–146 ಮೆಗಾಹರ್ಟ್ಸ್ ಪಟ್ಟಿಯನ್ನೇ ತೆಗೆದುಕೊಳ್ಳೋಣ. ಕೈರೇಡಿಯೋ ಹೊರಡಿಸುವ ಕ್ಷೀಣವಾದ ತರಂಗಗಳನ್ನು ಎತ್ತರದ ಸ್ಥಳದಲ್ಲಿರುವ ರಿಪೀಟರ್ ಯಂತ್ರವು ಗ್ರಹಿಸಿ ಮರುಪ್ರಸಾರ ಮಾಡುತ್ತದೆ. ಅದು 145.600ರಲ್ಲಿ ನುಡಿಯುವುದಾದರೆ, ಸಾಮಾನ್ಯವಾಗಿ 600 ಕಿಲೋಹರ್ಟ್ಸ್ ಕೆಳಗೆ, ಎಂದರೆ 145.000ರಲ್ಲಿ ಆಲಿಸುತ್ತದೆ. ಕೆಲವು ರಿಪೀಟರುಗಳು ಮಾತಿನೊಡನೆ ಒಂದು ಮಂದ್ರಸ್ವರವೂ ಬಂದಲ್ಲದೆ ಬಾಗಿಲು ತೆರೆಯವು. ಈ ಸ್ವರಗಳು 67ರಿಂದ 254.1 ಹರ್ಟ್ಸ್‌ವರೆಗೆ ಗೊತ್ತಾಗಿವೆ. ಇವುಗಳಲ್ಲಿ ಒಂದು ತಪ್ಪಿದರೂ ಉಳಿಯುವುದು ಮೌನವೇ.

ಹಿಂದೆ ಈ ಸ್ಮೃತಿಯು ಕಲ್ಲಿನಲ್ಲಿತ್ತು. ಪ್ರತಿಯೊಂದು ಚಾನೆಲ್ಲಿಗೂ ಆಡಲು ಒಂದು, ಆಲಿಸಲು ಒಂದು, ಹೀಗೆ ನಿಯತ ದಪ್ಪಕ್ಕೆ ಕೊಯ್ದ ಸ್ಫಟಿಕದ ಬಿಲ್ಲೆಗಳನ್ನು ಉಪಕರಣದಲ್ಲಿ ಕೂಡಿಸುತ್ತಿದ್ದರು. ಒಂದೇ ಸ್ಫಟಿಕದಿಂದ ಬಹು ಆವರ್ತನಗಳನ್ನು ಪಡೆಯುವ ವಿಧಾನವು ಬಳಕೆಗೆ ಬಂದ ಮೇಲೆ ಆವರ್ತನವು ಬರಿಯ ಅಂಕಿಯಾಯಿತು. ಅಂಕಿಯನ್ನು ಬರೆದಿಡುವುದು ಸುಲಭ. ಮೊದಮೊದಲು ಈ ಅಂಕಿಗಳನ್ನು ಒಳಗಿನ ಪುಟ್ಟ ಲಿಥಿಯಂ ಕೋಶವೊಂದು ಕಾಪಾಡುತ್ತಿತ್ತು; ಅದು ಬರಿದಾದರೆ ಸ್ಮೃತಿಯೂ ಅಳಿಯುತ್ತಿತ್ತು. ಅನಂತರದ ಉಪಕರಣಗಳಲ್ಲಿ ವಿದ್ಯುತ್ತಿಲ್ಲದೆಯೂ ಅಂಕಿಗಳು ಉಳಿಯುವ ವ್ಯವಸ್ಥೆಯಾಯಿತು.

ಉಳಿಸುವ ಕ್ರಮ ಹೀಗಿದೆ. ಮೊದಲು ಆವರ್ತನವನ್ನು ಸ್ವೇಚ್ಛೆಯಾಗಿ ಬದಲಿಸಬಹುದಾದ ಸ್ಥಿತಿಯಲ್ಲಿ ಎಲ್ಲವನ್ನೂ ಹೊಂದಿಸಿ, ಮಾತನಾಡಿ ಪರೀಕ್ಷಿಸಬೇಕು. ಬಳಿಕ ಬರಿದಾದ ಸಂಖ್ಯೆಯೊಂದನ್ನು ಆರಿಸಿ ಅಲ್ಲಿ ಉಳಿಸಬೇಕು. ಜನಪ್ರಿಯವಾದ ಬಾವ್‌ಫೆಂಗ್ ಯುವಿ-5ಆರ್ ಕೈರೇಡಿಯೋವಿನಲ್ಲಿ ಇಂತಹ 128 ಕೋಶಗಳಿವೆ. ರಿಪೀಟರನ್ನು ಅದರ ಗುಂಡಿಗಳಿಂದಲೇ ಉಳಿಸುವಾಗ ಆಲಿಸುವ ಆವರ್ತನವನ್ನು ಮೊದಲೂ ಆಡುವ ಆವರ್ತನವನ್ನು ಅನಂತರವೂ ಅದೇ ಕೋಶದಲ್ಲಿ ಎರಡು ಸಲ ದಾಖಲಿಸಬೇಕು. ಎರಡನೆಯದನ್ನು ಮರೆತವನು ಎಲ್ಲರನ್ನೂ ಕೇಳಬಲ್ಲನು. ಅವನನ್ನು ಯಾರೂ ಕೇಳರು! ಮುಂದೆ ಸ್ಮೃತಿಯ ಸ್ಥಿತಿಗೆ ಬಂದು ಸಂಖ್ಯೆಯನ್ನು ಒತ್ತಿದರೆ ಸಾಕು, ಎಲ್ಲ ಅಂಶಗಳೂ ಒಟ್ಟಿಗೆ ಮರಳುತ್ತವೆ.

2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ, ಹವ್ಯಾಸಿ ರೇಡಿಯೋ ಕಾರ್ಯಕ್ಕೆಂದು ಪೋರ್ಟ್ ಬ್ಲೇರಿಗೆ ಹೋಗಿದ್ದ ತಂಡವು ಸಂದೇಶಗಳನ್ನು ಮುಟ್ಟಿಸಿತು. ಅಂತಹ ಗಳಿಗೆಯಲ್ಲಿ ಅಂಕಿಗಳನ್ನು ನೆನೆಯುತ್ತ ಕೂರಲು ಯಾರಿಗೆ ವ್ಯವಧಾನವಿದ್ದೀತು?

ಎರಡು ಎಚ್ಚರಿಕೆಗಳು ಅಗತ್ಯ. ಉಪಕರಣವನ್ನು ಪೂರ್ತಿಯಾಗಿ ಆದಿಸ್ಥಿತಿಗೆ ತಂದರೆ ಉಳಿಸಿದುದೆಲ್ಲ ಅಳಿಯುತ್ತದೆ. ಆದುದರಿಂದ ಗಣಕಯಂತ್ರದಲ್ಲೊಂದು, ಕಾಗದದಲ್ಲೊಂದು ಪ್ರತಿ ಇರಲಿ. ಎರಡನೆಯದಾಗಿ, ಕೋಶದಲ್ಲಿರುವ ಆವರ್ತನವೆಲ್ಲ ಆಡಲು ಅನುಮತಿಯುಳ್ಳದ್ದಲ್ಲ. ನಮ್ಮ ದೇಶದಲ್ಲಿ ಹವ್ಯಾಸಿ ಪಟ್ಟಿಯಲ್ಲಿ ಪ್ರಸಾರ ಮಾಡಲು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆದಿರಬೇಕು. ಯಂತ್ರದ ಸ್ಮೃತಿ ಎಷ್ಟು ದೊಡ್ಡದಾದರೂ ಮನುಷ್ಯನ ಎಚ್ಚರವೇ ಅದಕ್ಕೆ ಆಧಾರ.